ಗಾಳಿ ಬೀಸದ ದಿನದ ಸೋಲು

ಒಂದು ಕಾಡಿನಲ್ಲಿ ಒಂದು ಮಡುವಿತ್ತು. ಮಡುವಿನ ಒಂದೇ ದಡದಲ್ಲಿ ಏಡಿಗಳು ಸಿಗುತ್ತಿದ್ದವು. ಆ ದಡದ ಅರ್ಧ ಮುಂಗುಸಿಯದು, ಇನ್ನರ್ಧ ಕೊಕ್ಕರೆಯದು. ನಡುವೆ ಗುರುತಿಗೆ ಒಂದು ಕೋಲು ನೆಟ್ಟಿತ್ತು. ಮುಂಗುಸಿಯ ಎರಡು ಮರಿಗಳ ಹೊಟ್ಟೆ ತುಂಬುತ್ತಿದ್ದುದು ಆ ಏಡಿಗಳಿಂದಲೇ. ಅದಕ್ಕೇ ಕೋಲಿನ ವಿಷಯ ಮೊದಲೇ ಹೇಳಬೇಕಾಯಿತು.

ಆ ಕಾಡಿನಲ್ಲಿ ಎಲ್ಲರಿಗೂ ಚಿಪ್ಪಿನಾಟದ ಹುಚ್ಚು. ಕಪ್ಪೆಚಿಪ್ಪುಗಳ ಒಳಮೈಯಲ್ಲಿ ಒಂದರಿಂದ ಒಂಬತ್ತರವರೆಗೆ ಗೆರೆ ಗೀಚಿ, ಬೋರಲು ಹಾಕಿರುತ್ತಿದ್ದರು. ಒಬ್ಬೊಬ್ಬರು ಒಂದೊಂದು ಎತ್ತಿಕೊಂಡು ಗುಟ್ಟಾಗಿ ನೋಡಬೇಕು. ಧೈರ್ಯವಿದ್ದರೆ ‘ಇಟ್ಟೆ’ ಎನ್ನಬೇಕು, ಇಲ್ಲದಿದ್ದರೆ ‘ಬಿಟ್ಟೆ’. ಬಿಟ್ಟರೆ ನಷ್ಟವಿಲ್ಲ. ಇಬ್ಬರೂ ‘ಇಟ್ಟೆ’ ಎಂದರೆ ಚಿಪ್ಪು ತೋರಿಸಬೇಕು. ಹೆಚ್ಚು ಗೆರೆಯಿದ್ದವರು ಗೆದ್ದಂತೆ. ಸೋತವರ ಕಡೆಗೆ ಕೋಲು ಒಂದು ಬಾಲದಷ್ಟು ಸರಿಯುತ್ತಿತ್ತು. ಸರಿಸುವ ಕೆಲಸ ಮುದಿ ಆಮೆಯದು.

ಮುಂಗುಸಿ ಬಹಳ ಎಚ್ಚರದ ಪ್ರಾಣಿ. ಕೊಕ್ಕರೆಯ ಕುತ್ತಿಗೆ ಉದ್ದವಲ್ಲವೇ? ಮೇಲಿನಿಂದ ಇಣುಕಿಬಿಟ್ಟರೆ? ಅದಕ್ಕಾಗಿ ಅದು ನೀರಿನ ಮೇಲೆ ಚಾಚಿದ ಬಂಡೆಯ ಅಂಚಿನಲ್ಲಿ ಕೂತು, ಚಿಪ್ಪನ್ನು ಬೋರಲಾಗಿಯೇ ಮೂಗಿನ ಮೇಲಕ್ಕೆತ್ತಿ, ಕೆಳಗಿನಿಂದ ನೋಡುತ್ತಿತ್ತು.

“ಎಷ್ಟು ಹುಷಾರಮ್ಮಾ ನೀನು! ಚಿಕ್ಕವರು ಮೊದಲು ಹೇಳಲಿ. ನಾನು ತಲೆ ತಗ್ಗಿಸಿಕೊಂಡೇ ಇರ್ತೀನಿ” ಎನ್ನುತ್ತಿತ್ತು ನೀರಿನಲ್ಲಿ ನಿಂತ ಕೊಕ್ಕರೆ. ಎಲ್ಲರೂ ಅದನ್ನು ವಿನಯವೆಂದುಕೊಂಡರು.

ಮುಂಗುಸಿಗೆ ಒಂದೇ ಒಂದು ಸ್ನೇಹದ ಜೀವವಿತ್ತು, ಹೆಬ್ಬೆರಳಿನಷ್ಟು ಪುಟ್ಟ ಸೂರಕ್ಕಿ. ಗಾಳಿ ಜೋರಿದ್ದರೆ ಅದರ ರೆಕ್ಕೆ ತಡೆಯುತ್ತಿರಲಿಲ್ಲ. ಗಾಳಿಯಿಲ್ಲದ ದಿನ ಮಾತ್ರ ಬಂದು ಬಂಡೆಯ ಮೇಲಿನ ಕೊಂಬೆಯಲ್ಲಿ ಕೂತು, “ಅಕ್ಕಾ, ಇವತ್ತು ಗೆಲ್ತೀಯ ನೋಡು” ಎನ್ನುತ್ತಿತ್ತು.

ಆದರೆ ಮುಂಗುಸಿ ಸೋಲುತ್ತಲೇ ಹೋಯಿತು. ಏಳು ಗೆರೆ ಹಿಡಿದು ‘ಇಟ್ಟೆ’ ಎಂದರೆ ಕೊಕ್ಕರೆಯದು ಎಂಟು. ಒಂಬತ್ತು ಬಂದ ದಿನ ಕೊಕ್ಕರೆ ‘ಬಿಟ್ಟೆ’. ಎಲ್ಲೋ ಒಂದೆರಡು ದಿನ ಗೆದ್ದರೂ ಅದು ಲೆಕ್ಕಕ್ಕೆ ಬರಲಿಲ್ಲ. ಮರಿಗಳು ಅರೆಹೊಟ್ಟೆಯಲ್ಲಿ ಮಲಗತೊಡಗಿದವು.

ಒಂದು ಮಧ್ಯಾಹ್ನ ಮುಂಗುಸಿ ಸೋತ ಆಟಗಳನ್ನೆಲ್ಲ ನೆನೆದು, ಮರಳಿನ ಮೇಲೆ ಚಿಪ್ಪುಗಳನ್ನು ಮತ್ತೆ ಜೋಡಿಸಿತು. ಆ ದಿನ ನನ್ನದು ಎಷ್ಟು? ಅದರದು ಎಷ್ಟು? ಯಾರು ಎಲ್ಲಿದ್ದರು? ಒಂದು ಸಂಗತಿ ಹೊಳೆಯಿತು. ಸೋತ ದಿನವೆಲ್ಲ ಸೂರಕ್ಕಿ ಕೊಂಬೆಯಲ್ಲಿತ್ತು! ಮುಂಗುಸಿಯ ಯೋಚನೆ ಅಲ್ಲಿಗೇ ನಿಂತಿತು. ಅಲ್ಲಿಗೇ ನಿಲ್ಲಬಾರದಿತ್ತು.

“ನನ್ನ ಗೆರೆಗಳನ್ನ ಕೊಕ್ಕರೆಗೆ ಹೇಳ್ಕೊಡ್ತೀಯಾ? ನನ್ನ ಮರಿಗಳ ಹೊಟ್ಟೆ ಮೇಲೆ ಹೊಡೀತೀಯಾ?” ಎಂದು ಅದು ಸೂರಕ್ಕಿಯ ಮೇಲೆ ಹಲ್ಲು ಮಸೆಯಿತು.

“ಅಕ್ಕಾ, ಮೇಲಿಂದ ನನಗೆ ಚಿಪ್ಪಿನ ಬೆನ್ನು ತಾನೇ ಕಾಣೋದು? ಅಲ್ಲದೆ...” ಸೂರಕ್ಕಿ ನಾಚಿಕೊಂಡಿತು. “ನನಗೆ ಎಣಿಸೋಕೇ ಬರಲ್ಲ.”

“ನಾಟಕ ಸಾಕು. ನಡಿ!”

ಸೂರಕ್ಕಿ ಹೊರಟುಹೋಯಿತು.

ಮರುದಿನ ಗಾಳಿಯಿರಲಿಲ್ಲ. ಕೊಂಬೆ ಖಾಲಿಯಿತ್ತು. ಮುಂಗುಸಿ ಆರು ಗೆರೆ ಹಿಡಿದು ‘ಇಟ್ಟೆ’ ಎಂದಿತು. ಕೊಕ್ಕರೆ ಏಳು ತೋರಿಸಿತು. ಸೂರಕ್ಕಿ ಇಲ್ಲದೆಯೂ ಸೋಲೇ!

ಅದು ಮತ್ತೆ ಮರಳಿಗೆ ಹೋಯಿತು. ಈ ಸಲ ಗೆದ್ದ ಆಟಗಳನ್ನೂ ಪಕ್ಕದಲ್ಲಿ ಜೋಡಿಸಿತು. ಗೆದ್ದ ದಿನವೆಲ್ಲ ಗಾಳಿಯಿತ್ತು, ಮಡುವಿನಲ್ಲಿ ಅಲೆಯಿತ್ತು. ಗಾಳಿಯಿಲ್ಲದ ದಿನ ಸೂರಕ್ಕಿ ಬರುತ್ತಿತ್ತು, ನಿಜ. ಆದರೆ ಗಾಳಿಯಿಲ್ಲದ ದಿನ ನೀರೂ ಅಲುಗುತ್ತಿರಲಿಲ್ಲ. ಮುಂಗುಸಿ ಬಂಡೆಗೆ ಓಡಿ, ಎಂದಿನಂತೆ ಚಿಪ್ಪೆತ್ತಿ, ಮೊದಲ ಸಲ ಕೆಳಗೆ ನೋಡಿತು. ನೀರಿನೊಳಗೆ ಗೆರೆಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಕಂಡವು. ಮೇಲಿನ ಕಣ್ಣಿಗೆ ಹೆದರಿ, ತಾನೇ ಕೆಳಗಿನ ಕಣ್ಣಿಗೆ ಎಲ್ಲವನ್ನೂ ತೋರಿಸಿತ್ತು.

ಕೆಲವು ದಿನ ಮುಂಗುಸಿ ಬರೀ ‘ಬಿಟ್ಟೆ’ ಎಂದಿತು. ಕೊನೆಗೊಂದು ದಿನ ಒಂಬತ್ತರ ಚಿಪ್ಪು ಸಿಕ್ಕಿತು. ಗಾಳಿಯಿರಲಿಲ್ಲ. ಅದು ಏಳು ಗೆರೆಗಳನ್ನು ಪಂಜದಿಂದ ಮುಚ್ಚಿಕೊಂಡು ಚಿಪ್ಪೆತ್ತಿತು.

“ಇಟ್ಟೆ. ನನ್ನ ಪಾಲಿಗೆ ಉಳಿದಿರೋ ದಡವೆಲ್ಲ ಇಟ್ಟೆ. ನೀನೂ ನಿನ್ನದೆಲ್ಲ ಇಡ್ತೀಯಾ, ಮಾವ?”

ಕೊಕ್ಕರೆ ತಲೆ ತಗ್ಗಿಸಿ ನೀರು ನೋಡಿತು. ಅದಕ್ಕೆ ಸಿಕ್ಕಿದ್ದು ಐದು ಗೆರೆಯ ಚಿಪ್ಪು. “ಪಾಪ, ನಿನ್ನಿಷ್ಟ. ಎಲ್ಲಾ ಇಟ್ಟೆ!”

ಮುಂಗುಸಿ ಚಿಪ್ಪು ಮಗುಚಿತು.

“ಸುಳ್ಳು! ನೀರಲ್ಲಿ ಎರಡೇ ಇತ್ತು!” ಕೊಕ್ಕರೆ ಕಿರುಚಿತು.

“ನೀರಲ್ಲೇ?” ಎಂದಿತು ಮುದಿ ಆಮೆ, ಕೋಲಿಗೆ ಹಾಕಿದ್ದ ಕಾಲನ್ನು ಹಾಗೆಯೇ ನಿಲ್ಲಿಸಿ. “ಇದೋ ನಿನ್ನ ವಿನಯ!” ಎಂದು ಅದು ಕೋಲನ್ನೇ ಕಿತ್ತೆಸೆಯಿತು. ಕೊಕ್ಕರೆ ಮಡು ಬಿಟ್ಟು ಹಾರಿತು. ಆಮೇಲೆ ಯಾರೂ ಅದನ್ನು ಆಟಕ್ಕೆ ಕರೆಯಲಿಲ್ಲ.

ಮುಂಗುಸಿ ಏಡಿಯನ್ನೂ ಹಿಡಿಯದೆ ಸೂರಕ್ಕಿಯ ಗೂಡಿಗೆ ಓಡಿತು. ಗೂಡು ಖಾಲಿಯಿತ್ತು.

“ಅದು ಅವತ್ತೇ ಗುಡ್ಡದಾಚೆಗೆ ಹೋಯ್ತು” ಎಂದಿತು ನಿಧಾನವಾಗಿ ಹಿಂದೆ ಬಂದ ಆಮೆ. “ಸಂಜೆ ಗಾಳಿ ಎದ್ದಿತ್ತು. ಬೇಡ ಮಗಾ ಅಂದೆ. ‘ಅಕ್ಕ ನಡಿ ಅಂದ್ಲು’ ಅಂತ ಹೊರಟೇ ಬಿಡ್ತು.”

ಈಗ ಮರಿಗಳ ಹೊಟ್ಟೆ ತುಂಬುತ್ತದೆ. ಆದರೂ ಗಾಳಿಯಿಲ್ಲದ ದಿನ ಮುಂಗುಸಿ ಬಂಡೆಯ ಮೇಲೆ ಸುಮ್ಮನೆ ಕೂತಿರುತ್ತದೆ. ಚಿಪ್ಪು ಮುಟ್ಟುವುದಿಲ್ಲ, ನೀರು ನೋಡುವುದಿಲ್ಲ. ಕೊಂಬೆಯನ್ನೇ ನೋಡುತ್ತದೆ. ಕೊಂಬೆ ಅಲುಗುವುದಿಲ್ಲ.

ನೀತಿ: ಸೋತಾಗ ಸೋಲನ್ನು ಪೂರ್ತಿ ಪರೀಕ್ಷಿಸಬೇಕು. ಅರ್ಧಕ್ಕೇ ನಿಲ್ಲಿಸಿ ಪಕ್ಕದಲ್ಲಿದ್ದವರ ಮೇಲೆ ತಪ್ಪು ಹೊರಿಸಿದರೆ, ಕಳೆದ ಆಟವನ್ನು ಮತ್ತೆ ಗೆಲ್ಲಬಹುದು, ಕಳೆದ ಸ್ನೇಹವನ್ನಲ್ಲ.