ಸೇರಿಗೆ ಅಡ್ಡ ಇಟ್ಟ ಕೈ

ಬಿಳಿಗಲ್ಲು ಪೇಟೆಯಲ್ಲಿ ಕಾಳು ಅಳೆಯುವುದಕ್ಕೆ ಒಂದು ಪದ್ಧತಿ ಇತ್ತು. ಅಳತೆಯ ಮೇಲೆ ಅನುಮಾನ ಬಂದರೆ ಯಾರೂ ಜಗಳ ಕಾಯಬೇಕಾಗಿರಲಿಲ್ಲ. ಸೇರಿನ ಬಾಯಿಗೆ ಅಂಗೈ ಅಡ್ಡ ಇಟ್ಟರೆ ಸಾಕು. ಅಳೆಯುವವನು ಕೈ ನಿಲ್ಲಿಸಬೇಕು, ಕಾಳು ಸುರಿದು ಮೊದಲಿನಿಂದ ಅಳೆಯಬೇಕು. ‘ನನ್ನನ್ನು ಕಳ್ಳ ಅಂತೀಯಾ’ ಎಂದು ಸಿಟ್ಟಾಗುವಂತಿರಲಿಲ್ಲ. ಕೈ ಇಡುವವನು ಗಿರಾಕಿಯೇ ಆಗಬೇಕೆಂದೂ ಇರಲಿಲ್ಲ. ದಾರಿಯಲ್ಲಿ ಹೋಗುವವನೂ ಇಡಬಹುದಿತ್ತು. ದೂರದ ಗಾಡಿಗಳು ಹತ್ತಿರದ ಸಂತೆಗಳನ್ನು ಬಿಟ್ಟು ಇಲ್ಲಿಗೆ ಬರುತ್ತಿದ್ದುದು ಈ ಪದ್ಧತಿಯ ಮೇಲಿನ ನಂಬಿಕೆಯಿಂದ.

ಆ ಪೇಟೆಯಲ್ಲಿ ಉಳವಪ್ಪ ಶೆಟ್ಟರದು ದೊಡ್ಡ ಕಾಳಿನ ಅಂಗಡಿ. ಎದುರಿಗೇ ದ್ಯಾಮವ್ವನ ಕಾಳಿನ ಅಂಗಡಿ. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಶೆಟ್ಟರು ಒಂದು ದರ ಕೂಗಿದರೆ ಅವಳು ಕೂತಲ್ಲಿಂದಲೇ ಅದಕ್ಕಿಂತ ಕಡಿಮೆ ದರ ಕೂಗುವಳು. ಶೆಟ್ಟರ ಅಂಗಡಿ ಮುಂದೆ ನಾಲ್ಕು ಜನ ಸೇರಿದರೆ ಸಾಕು, ಎಲೆ ಅಡಿಕೆ ಜಗಿಯುತ್ತ ಬೀದಿ ದಾಟಿ ಬಂದು ಸೇರಿನ ಮೇಲೆ ಕೈ ಇಡುವಳು.

“ಮತ್ತ ಅಳೀರಿ ಶೆಟ್ರ. ಹೆಬ್ಬೆಟ್ಟು ಸೇರಿನೊಳಗ ಐತಿ.”

“ನಿನ್ನ ಕಣ್ಣು ನನ್ನ ಹೆಬ್ಬೆಟ್ಟಿನ ಮ್ಯಾಲ ಯಾಕವ್ವ? ನಿನ್ನ ಸೇರು ನೋಡಿಕೊ ಹೋಗು.”

ಬೈದರೂ ಶೆಟ್ಟರು ಸುರಿದು ಮತ್ತೆ ಅಳೆಯುವರು. ಅಳತೆ ಬಹಳ ಸಲ ಸರಿಯಾಗಿಯೇ ಇರುತ್ತಿತ್ತು. ಆಗ ಅವಳ ಮುಖ ನೋಡುತ್ತ ಗಿರಾಕಿಗೆ ಒಂದು ಹಿಡಿ ಕಾಳು ಮೇಲಿಂದ ಹಾಕುವರು. ಗಿರಾಕಿ ನಗುತ್ತ ಹೋಗುವನು, ಮುಂದಿನ ಸಲ ಅಲ್ಲಿಗೇ ಬರುವನು.

ಸುಗ್ಗಿ ಮುಗಿದ ಮೇಲೆ ಪೇಟೆಗೆ ಯಜಮಾನನನ್ನು ಆರಿಸುವ ಕಾಲ ಬಂತು. ಹಳೆಯ ಯಜಮಾನ ಭರಮಗೌಡರು ಒಂದು ಕಡೆ, ಗಾಡಿ ಮಾಡುವ ಬಡಿಗೇರ ಈರಣ್ಣ ಇನ್ನೊಂದು ಕಡೆ. ಚಾವಡಿಯಲ್ಲಿ ಇಬ್ಬರಿಗೂ ಒಂದೊಂದು ಗಡಿಗೆ. ಮನೆಗೊಂದು ಗಜ್ಜುಗದ ಬೀಜ. ಬೇಕಾದವರ ಗಡಿಗೆಗೆ ಹಾಕಿ ಬರುವುದು. ಕಾಳಿನ ಪೇಟೆಯಲ್ಲವೇ, ಬೀಜಗಳನ್ನು ಒಂದೊಂದಾಗಿ ಎಣಿಸುವ ತಾಳ್ಮೆ ಯಾರಿಗೂ ಇರಲಿಲ್ಲ. ತಲೆತಲಾಂತರದಿಂದ ಅವನ್ನೂ ಸೇರಿನಲ್ಲೇ ಅಳೆಯುತ್ತಿದ್ದರು. ಯಾರದು ಹೆಚ್ಚು ಸೇರು ಬಂತೋ ಅವರು ಯಜಮಾನ.

ಉಳವಪ್ಪ ಶೆಟ್ಟರು ತಮ್ಮ ಬೀಜವನ್ನು ಗೌಡರ ಗಡಿಗೆಗೇ ಹಾಕಿದ್ದರು. ಗೌಡರು ಬೀದಿಗೆ ಕಲ್ಲು ಹಾಸಿಸುತ್ತೇನೆ ಎಂದಿದ್ದರು. ಕಲ್ಲು ಬಿದ್ದರೆ ಗಾಡಿ ಅಂಗಡಿ ಬಾಗಿಲಿಗೇ ಬರುತ್ತದೆ ಎಂಬುದು ಶೆಟ್ಟರ ಲೆಕ್ಕಾಚಾರ.

ಅಳತೆ ಶುರುವಾಯಿತು. ಗೌಡರ ಕಡೆಯ ಫಕೀರಪ್ಪ ಅಳೆಯುತ್ತಿದ್ದ. ಈರಣ್ಣನ ಬೀಜ ಅಳೆಯುವಾಗ ಅವನು ಸೇರಿನ ಮೇಲೆ ಗೋಪುರ ಬರುವ ಹಾಗೆ ತುಂಬಿದ. ಗೌಡರ ಬೀಜ ಅಳೆಯುವಾಗ ಕೋಲಿನಿಂದ ಸವರಿ ಮಟ್ಟ ಮಾಡಿದ. ಹೀಗೆ ಅಳೆದರೆ ಈರಣ್ಣನ ಸೇರುಗಳ ಲೆಕ್ಕ ಕಡಿಮೆ ಬೀಳುತ್ತದೆ, ಗೌಡರದು ಹೆಚ್ಚುತ್ತದೆ. ಕಾಳು ಕೊಳ್ಳುವಾಗ ಗೋಪುರ, ಮಾರುವಾಗ ಮಟ್ಟ; ಪೇಟೆಯ ಮಕ್ಕಳಿಗೂ ಗೊತ್ತಿದ್ದ ಹಳೆಯ ಕೈಚಳಕ ಅದು. ಶೆಟ್ಟರು ನೋಡಿದರು. ನೋಡಿ, ಎರಡೂ ಕೈಯನ್ನು ಶಲ್ಯದೊಳಗೆ ಇಟ್ಟುಕೊಂಡರು.

ದ್ಯಾಮವ್ವ ಇಟ್ಟುಕೊಳ್ಳಲಿಲ್ಲ. ಮುಂದೆ ಬಂದು ಸೇರಿನ ಮೇಲೆ ಅಂಗೈ ಇಟ್ಟಳು. “ತಡಿಯೋ ಫಕೀರಪ್ಪ. ಎರಡೂ ಗಡಿಗಿ ಒಂದ ರೀತಿ ಅಳಿ.”

ಅವಳ ಹಿಂದೆ ಈರಣ್ಣ ಕೈ ಇಟ್ಟ. ಅವನ ಹಿಂದೆ ಹಮಾಲರು ಕೆಲವರು ಇಟ್ಟರು.

ಗೌಡರ ಮುಖ ಕೆಂಪಾಯಿತು. “ಕೈ ಇಡೂದು ಕಾಳಿಗೆ. ಯಜಮಾನಕಿಗೆ ಅಲ್ಲ. ಇದು ಚಾವಡಿಗೆ ಮಾಡಿದ ಅಪಮಾನ. ಒಳಗ ಹಾಕ್ರಿ ಇವರನ್ನ.”

ಕಾವಲಿನವರು ಅವರನ್ನೆಲ್ಲ ಚಾವಡಿಯ ಹಿಂದಿನ ಕಲ್ಲಿನ ಉಗ್ರಾಣಕ್ಕೆ ತಳ್ಳಿ ಬಾಗಿಲು ಹಾಕಿದರು. ಅಳತೆ ಮುಗಿಯಿತು. ಗೌಡರು ಗೆದ್ದರು. ಉಳಿದದ್ದೆಲ್ಲ ಪದ್ಧತಿಯ ಪ್ರಕಾರವೇ ನಡೆಯಿತು. ಗಡಿಗೆಗಳ ಬಾಯಿ ಕಟ್ಟಿ, ಹಿರಿಯರು ಅರಗಿನ ಮುದ್ರೆ ಒತ್ತಿ, ಎಲ್ಲರಿಗೂ ಕಾಣುವ ಹಾಗೆ ಚಾವಡಿಯ ತೊಲೆಗೆ ತೂಗುಹಾಕಿದರು. ಹೊಸ ಯಜಮಾನನ ಕಾಳಿನಿಂದ ಸುಗ್ಗಿ ಪೇಟೆಯ ಬೋಣಿ ಆಗುವ ತನಕ ಅವು ಅಲ್ಲಿಯೇ ಇರಬೇಕು.

ಮರುದಿನ ಉಳವಪ್ಪ ಶೆಟ್ಟರು ಅಂಗಡಿ ತೆರೆದು ಎದುರಿಗೆ ನೋಡಿದರು. ದ್ಯಾಮವ್ವನ ಅಂಗಡಿಗೆ ಬೀಗ. ಅವರಿಗೆ ಬೇಸರವೇನೂ ಆಗಲಿಲ್ಲ. ಇನ್ನು ದರ ಕೆಡಿಸುವವರಿಲ್ಲ, ಹೆಬ್ಬೆಟ್ಟು ನೋಡುವವರಿಲ್ಲ, ಬೀದಿಯ ಗಿರಾಕಿಯೆಲ್ಲ ತಮ್ಮದೇ ಎಂದುಕೊಂಡು ಗಾದಿಯ ಮೇಲೆ ಒರಗಿ ಕೂತರು.

ಗಿರಾಕಿ ಬರಲಿಲ್ಲ.

ಕೊನೆಗೆ ಹಳೆಯ ಗಿರಾಕಿ ಹುಸೇನಸಾಬ್ ಬಂದ. ಗಾಡಿಗಟ್ಟಲೆ ಕಾಳು ಕೊಳ್ಳುವ ಕೆಳನಾಡಿನ ವ್ಯಾಪಾರಿ. ಶೆಟ್ಟರು ಹುರುಪಿನಿಂದ ಸೇರು ಎತ್ತಿ ಅಳೆಯತೊಡಗಿದರು. ಹುಸೇನಸಾಬ್ ವಾಡಿಕೆಯಂತೆ ಕೈ ಚಾಚಿದ. ಸೇರಿನ ತನಕ ಬಂದ ಕೈ ಅಲ್ಲೇ ನಿಂತಿತು. ಬೀದಿಯ ಮೂಲೆಯಲ್ಲಿ ಗೌಡರ ಕಾವಲಿನವನು ನಿಂತಿದ್ದ. ಹುಸೇನಸಾಬ್ ಕೈಯನ್ನು ಮೆಲ್ಲಗೆ ಹಿಂದೆ ತೆಗೆದುಕೊಂಡು ಗಡ್ಡ ನೀವಿಕೊಂಡ.

“ಇಡ್ರಿ ಸಾಬ್ರ,” ಎಂದರು ಶೆಟ್ಟರು. “ನನ್ನ ಅಳತಿ ಚೊಕ್ಕ ಐತಿ.”

“ಇರಬಹುದು ಶೆಟ್ರ. ಆದ್ರ ಅದು ನನಗ ಹೆಂಗ ಗೊತ್ತಾಗಬೇಕು? ಕೈ ಇಟ್ಟವರು ಉಗ್ರಾಣದಾಗ ಅದಾರ. ಕೈ ಇಡದ ಕೊಂಡ್ರ ಮನಿಯಾಗ ನನ್ನ ಹೆಂಡ್ತಿ ನನ್ನನ್ನ ಉಗ್ರಾಣಕ್ಕ ಹಾಕ್ತಾಳ.” ಹುಸೇನಸಾಬ್ ನಕ್ಕ, ಆದರೆ ಗಾಡಿಯನ್ನು ತಿರುಗಿಸಿಕೊಂಡೇ ಹೋದ.

ಶೆಟ್ಟರು ತುಂಬಿದ ಸೇರನ್ನು ಮತ್ತೆ ಚೀಲಕ್ಕೆ ಸುರಿದರು. ಕಾಳು ಶುದ್ಧವಾಗಿತ್ತು, ಅಳತೆಯೂ ಸರಿಯಾಗಿತ್ತು. ಆದರೆ ಹೌದು ಎನ್ನುವವರು ಯಾರೂ ಇರಲಿಲ್ಲ. ತಮ್ಮ ಅಂಗಡಿ ಇಷ್ಟು ವರ್ಷ ನಡೆದದ್ದು ತಮ್ಮ ನಾಲಿಗೆಯಿಂದ ಎಂದುಕೊಂಡಿದ್ದರು. ಅದು ನಡೆದದ್ದು ಎದುರಿನ ಅಂಗಡಿಯವಳ ಕೈಯಿಂದ ಎಂಬುದು ಈಗ ಅರ್ಥವಾಯಿತು. ಅವಳು ಹೊರಗೆ ಬರದಿದ್ದರೆ ಮುಂದಿನ ಸುಗ್ಗಿಯ ಹೊತ್ತಿಗೆ ತಮ್ಮ ಬಾಗಿಲಿಗೂ ಬೀಗ.

ಎದ್ದು ಉಗ್ರಾಣಕ್ಕೆ ಹೋದರು. ಕಿಟಕಿಯ ಸರಳಿನ ಹಿಂದೆ ದ್ಯಾಮವ್ವ ಕಂಡಳು.

“ಏನ್ ಶೆಟ್ರ, ದರ ಏರಿಸಿದ್ರೇನು?” ಎಂದಳು.

“ಏರಿಸಿದೆ. ಕೊಳ್ಳೋರು ಇಲ್ಲ. ಹುಸೇನಸಾಬ್ರ ಗಾಡೀನೂ ಖಾಲಿ ಹೋತು.” ಶೆಟ್ಟರು ಸುತ್ತ ನೋಡಿ ದನಿ ತಗ್ಗಿಸಿದರು. “ಗೌಡ್ರು ಹೇಳಿ ಕಳಿಸ್ಯಾರಂತಲ್ಲ, ತಪ್ಪಾತು ಅಂದ್ರ ಬಿಡ್ತೀನಿ ಅಂತ. ಅಂದುಬಿಡು ತಾಯಿ. ಮಾತಿಗೆ ಏನ್ ಖರ್ಚು?”

“ಖರ್ಚು ನಿಮಗ ಐತಿ. ನಾ ತಪ್ಪಾತು ಅಂದ್ರ ಕೈ ಇಡೂದ ತಪ್ಪು ಅಂತ ಆತು. ಆಮ್ಯಾಲ ನಾ ಹೊರಗ ಬಂದು ಎದುರಿಗೆ ಕೂತ್ರೂ ನಿಮ್ಮ ಸೇರನ್ನ ಯಾರು ನಂಬ್ತಾರ? ಸಾಬ್ರ ಗಾಡಿ ತಿರುಗಿ ಬರತದೇನು?”

ಅವಳ ಹಿಂದೆ ಗೋಡೆಗೆ ಒರಗಿ ಕೂತಿದ್ದ ಈರಣ್ಣ ನಕ್ಕ. “ಶೆಟ್ರ ನನಗ ಬೀಜ ಹಾಕಿಲ್ಲ. ನಮ್ಮ ಸಲುವಾಗಿ ಯಾಕ ಬಂದಾರೊ ಏನೋ.”

“ನಿನ್ನ ಸಲುವಾಗಿ ಯಾರು ಬಂದಾರಪ್ಪ? ನಾ ಬಂದಿದ್ದು ನನ್ನ ಅಂಗಡಿ ಸಲುವಾಗಿ,” ಎಂದರು ಶೆಟ್ಟರು ಸಿಡುಕಿನಿಂದ. ಸುಳ್ಳು ಹೇಳುವುದು ಅವರಿಗೆ ಬೇಕಾಗಿರಲಿಲ್ಲ.

ಅಲ್ಲಿಂದ ನೇರ ಗೌಡರ ಮನೆಗೆ ಹೋಗಿ, ಉಗ್ರಾಣದಲ್ಲಿದ್ದವರನ್ನು ಬಿಟ್ಟುಬಿಡಿ ಎಂದು ಕೇಳಿದರು. ಗೌಡರು ಹಾಲು ಕುಡಿಯಲು ಕೊಟ್ಟರು, ಕೇಳಿದ್ದನ್ನು ಕೊಡಲಿಲ್ಲ.

“ನೀವು ನನಗ ಬೀಜ ಹಾಕಿದವರು ಶೆಟ್ರ. ನಮ್ಮವರು. ಆ ಮಂದಿ ಸಲುವಾಗಿ ಮಾತಾಡಬ್ಯಾಡ್ರಿ. ಬೀದಿಗೆ ಕಲ್ಲು ಬೇಕಲ್ಲ ನಿಮಗ?”

“ಕಲ್ಲಿನ ಮ್ಯಾಲ ಓಡಾಡಾಕ ಗಾಡಿ ಬೇಕಲ್ರಿ ಗೌಡ್ರ,” ಎಂದು ಶೆಟ್ಟರು ಎದ್ದರು.

ಬೋಣಿಯ ದಿನ ಬಂತು. ಆ ದಿನ ದೂರದ ಗಾಡಿಯವರೆಲ್ಲ ಬರುತ್ತಾರೆ. ಹೇಗೆ ನಡೆಯುತ್ತದೋ ನೋಡೋಣ ಎಂದು ಹುಸೇನಸಾಬ್ ಕೂಡ ಬಂದಿದ್ದ. ಚಾವಡಿಯ ಮುಂದೆ ಗೌಡರ ಹೊಲದ ತೊಗರಿ ರಾಶಿ. ಅದರ ಮೊದಲ ಸೇರು ಅಳೆದ ಮೇಲೆಯೇ ಆ ದಿನದ ಉಳಿದ ವ್ಯಾಪಾರ. ಪೇಟೆಯವರು ಮೊದಲ ಸೇರನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ.

ಫಕೀರಪ್ಪ ಸೇರು ತುಂಬಿ ಕೂಗಿದ, “ಲಾಭ!”

ಸೇರಿನ ಮೇಲೆ ಒಂದು ಕೈ ಬಂತು. ಬೆರಳಲ್ಲಿ ಹವಳದ ಉಂಗುರ. ಉಳವಪ್ಪ ಶೆಟ್ಟರ ಕೈ.

ಹಿಂದಿದ್ದವರು ತುದಿಗಾಲಲ್ಲಿ ನಿಂತು ನೋಡಿದರು.

ಗೌಡರು ನಗಲು ನೋಡಿದರು. “ಏನ್ರಿ ಶೆಟ್ರ ಇದು? ನನ್ನ ತೊಗರಿ ಮ್ಯಾಲ ಅನುಮಾನೇನು?”

“ತೊಗರಿ ಬಂಗಾರದಂಗ ಐತಿ. ಅನುಮಾನ ಸೇರಿನ ಮ್ಯಾಲ. ಗಜ್ಜುಗ ಅಳೆದ ಸೇರು ಇದ ಅಲ್ರಿ? ಅವತ್ತು ಇದರ ಮ್ಯಾಲ ಕೈ ಇಟ್ಟವರು ಒಳಗ ಅದಾರ. ಅವರದು ತಪ್ಪಾದ್ರ ನಂದೂ ತಪ್ಪು. ನನ್ನನ್ನೂ ಒಳಗ ಹಾಕ್ರಿ. ನಂದು ತಪ್ಪಲ್ಲ ಅಂದ್ರ ಅವರದೂ ಅಲ್ಲ, ಹೊರಗ ಬಿಡ್ರಿ.”

“ಹಿಡೀರಿ ಇವನನ್ನ!” ಎಂದರು ಗೌಡರು.

ಕಾವಲಿನವನು ಹೆಜ್ಜೆ ಮುಂದಿಡುವಷ್ಟರಲ್ಲಿ ಶೆಟ್ಟರ ಕೈಯ ಮೇಲೆ ಇನ್ನೊಂದು ಕೈ ಬಂತು. ಹುಸೇನಸಾಬ್‌ನದು. “ನಂದೂ ಇರಲಿ. ಪ್ರತಿ ಸುಗ್ಗಿ ಮೋಸ ಹೋಗೂದಕ್ಕಿಂತ ಒಂದು ದಿನ ಒಳಗ ಕೂಡೂದು ಅಗ್ಗ.”

ಆಮೇಲೆ ಕೈ ಕೈ ಕೈ. ಮೆಣಸಿನಕಾಯಿ ಮಾರುವವಳ ಉರಿಯುವ ಕೈ, ಗಾಣದವನ ಜಿಡ್ಡುಗೈ, ಹಮಾಲರ ಒರಟುಗೈ. ಸೇರೇ ಕಾಣದಾಯಿತು. ಕೈ ತಲುಪದವರು ತಮ್ಮ ತಮ್ಮ ಅಂಗಡಿಗೆ ಓಡಿ ಅಲ್ಲಿದ್ದ ಸೇರಿನ ಮೇಲೆ ಅಂಗೈ ಇಟ್ಟು ಕೂತರು. ಇಡೀ ಪೇಟೆಯಲ್ಲಿ ಒಂದು ಕಾಳೂ ಅಲುಗಲಿಲ್ಲ. ಕಾವಲಿನವನು ಯಾರನ್ನು ಹಿಡಿಯಲಿ ಎಂದು ಆ ಕಡೆ ಈ ಕಡೆ ನೋಡಿದ. ಗುಂಪಿನಲ್ಲಿ ಅವನ ಹೆಂಡತಿಯೂ ಇದ್ದಳು, ಸೆರಗು ಸಿಕ್ಕಿಸಿಕೊಂಡು ಅವನನ್ನೇ ದಿಟ್ಟಿಸುತ್ತಿದ್ದಳು. ಅವನು ಕೋಲನ್ನು ಕೆಳಗಿಟ್ಟು, ತಲೆ ಕೆರೆದುಕೊಂಡ.

ಪೇಟೆಯ ಬಾಗಿಲ ಬಳಿ ಗಾಡಿಯವರು ವಾಪಸು ಹೋಗಲು ಎತ್ತುಗಳನ್ನು ನೊಗಕ್ಕೆ ಹೂಡತೊಡಗಿದರು. ಎತ್ತಿನ ಕೊರಳ ಗಂಟೆಯ ಸದ್ದು ಕೇಳಿ ಗೌಡರ ಕಡೆಯವರೇ ಗಾಬರಿಯಾದರು. ಅವರ ಮನೆಗಳಲ್ಲೂ ತೊಗರಿ ಇತ್ತು. “ಏ ಗೌಡ, ಗಾಡಿ ಹೋದ್ರ ನಮ್ಮ ಕಾಳನ್ನ ನೀ ಕೊಳ್ತಿಯೇನು?” ಎಂದ ಗೌಡರ ದಾಯಾದಿಯೊಬ್ಬ.

ಗೌಡರು ಬೆವರು ಒರೆಸಿಕೊಂಡರು. “ಆತು. ಗಡಿಗಿ ಇಳಸ್ರಿ. ಮರು ಅಳತಿ ಮಾಡೂಣು. ನನ್ನ ಅಳತಿ ತಪ್ಪಾಗಿದ್ರ ಅವರನ್ನ ಬಿಡ್ತೀನಿ.”

ಜನ ಹೋ ಎಂದರು. ಆದರೆ ಶೆಟ್ಟರು ಸೇರಿನಿಂದ ಕೈ ತೆಗೆಯಲಿಲ್ಲ. ಚೌಕಾಸಿ ಎಲ್ಲಿ ನಿಲ್ಲಿಸಬಾರದು ಎಂಬುದು ಅವರಿಗೆ ಗೊತ್ತಿತ್ತು.

“ಮೊದಲು ಬಾಗಲಾ ತೆಗೀರಿ. ಅಳತಿ ಆಮ್ಯಾಲ.”

“ನನ್ನ ಅಳತಿ ಸರಿ ಇದ್ರ?”

“ಸರಿ ಇದ್ರೂ ಬಿಡಬೇಕು. ದ್ಯಾಮವ್ವ ನನ್ನ ಸೇರಿಗೆ ಎಷ್ಟು ಸಲ ಕೈ ಇಟ್ಟಾಳ! ನನ್ನ ಅಳತಿ ಸರಿ ಇದ್ದಾಗ ನಾ ಏನ್ ಆಕಿನ್ನ ಕಟ್ಟಿ ಹಾಕಿದ್ನೇನು? ಒಂದು ಹಿಡಿ ಕಾಳು ಹೆಚ್ಚಿಗೆ ಹಾಕಿ ಕಳಿಸಿದೆ. ಅದರಾಗ ನನ್ನ ಅಂಗಡಿ ಬೆಳೀತು. ಸರಿ ಅಳೆದವನಿಗೆ ಕೈ ಇಟ್ಟವರ ಭಯ ಯಾಕ್ರಿ?”

ಗೌಡರು ಸೊಂಟದಿಂದ ಬೀಗದ ಕೈ ತೆಗೆದು ಎಸೆದರು.

ಉಗ್ರಾಣದ ಬಾಗಿಲು ಕಿರ್ರೆಂದು ತೆರೆಯಿತು. ಮೊದಲು ಹಮಾಲರು ಬಂದರು, ಆಮೇಲೆ ಈರಣ್ಣ, ಕೊನೆಗೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ದ್ಯಾಮವ್ವ. ತಪ್ಪಾಯಿತು ಎಂದು ಯಾರೂ ಹೇಳಿರಲಿಲ್ಲ, ಹೇಳು ಎಂದು ಯಾರೂ ಕೇಳಲಿಲ್ಲ. ಜನ ದಾರಿ ಬಿಟ್ಟು ನಿಂತು ತೊಗರಿಯನ್ನೇ ಹೂವಿನ ಹಾಗೆ ಎರಚಿದರು. “ಏ, ಅದು ನನ್ನ ತೊಗರಿ!” ಎಂದರು ಗೌಡರು. ಯಾರೂ ಕೇಳಿಸಿಕೊಳ್ಳಲಿಲ್ಲ.

ಗಡಿಗೆ ಇಳಿಸಿ, ಮುದ್ರೆ ನೋಡಿ, ಬಾಯಿ ಬಿಚ್ಚಿದರು. ದ್ಯಾಮವ್ವನೇ ಅಳೆಯಲಿ ಎಂದರು ಜನ. ಅವಳು ಒಪ್ಪಲಿಲ್ಲ.

“ನಾ ಅಳೆದ್ರ ನಾಳೆ ಗೌಡ್ರ ಮಂದಿಗೆ ಅನುಮಾನ ಉಳೀತದ. ಫಕೀರಪ್ಪನ ಅಳೀಲಿ. ಎರಡನ್ನೂ ಕೋಲಿನಿಂದ ಸವರಿ ಅಳೀಲಿ, ಅಷ್ಟ ಸಾಕು.”

ಫಕೀರಪ್ಪ ಈ ಸಲ ಮೈಯೆಲ್ಲ ಕಣ್ಣಾಗಿ ಅಳೆದ. ಈರಣ್ಣನ ರಾಶಿ ಗೌಡರ ರಾಶಿಯನ್ನು ದಾಟಿತು. ಕೂಗು ಏಳುವಷ್ಟರಲ್ಲಿ ಗೌಡರು ತಡೆಯಲಾರದೆ ಮುಂದೆ ಬಂದು ಸೇರಿನ ಮೇಲೆ ತಮ್ಮ ಕೈ ಇಟ್ಟರು. ಇಟ್ಟ ಮೇಲೆ ಅವರಿಗೇ ಹೊಳೆಯಿತೋ ಏನೋ, ಹಿಂದೆ ತೆಗೆಯಲು ಹೋದರು.

“ಇರಲಿ ಗೌಡ್ರ, ಇಡ್ರಿ,” ಎಂದ ಈರಣ್ಣ. “ಫಕೀರಪ್ಪ, ಸುರಿದು ಮತ್ತ ಅಳಿ.”

ಮತ್ತೆ ಅಳೆದರು. ಅಷ್ಟೇ ಬಂತು. ಯಾರೂ ಗೌಡರನ್ನು ಮುಟ್ಟಲಿಲ್ಲ, ಒಳಗೆ ಹಾಕಿ ಎನ್ನಲಿಲ್ಲ. ಅವರು ಶಲ್ಯ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಮನೆಗೆ ನಡೆದರು. ಈರಣ್ಣ ಯಜಮಾನನಾದ, ಅವನ ಮನೆಯ ಒಂದು ಸೇರು ಕಾಳಿನಿಂದ ಬೋಣಿ ಆಯಿತು. ಗಾಡಿಯವರು ಎತ್ತು ಬಿಚ್ಚಿದರು. ಡೊಳ್ಳಿನವರು ಪೇಟೆ ನಡುಗುವ ಹಾಗೆ ಬಾರಿಸಿದರು.

ಹುಸೇನಸಾಬ್‌ನ ಗಾಡಿ ಉಳವಪ್ಪ ಶೆಟ್ಟರ ಅಂಗಡಿ ಮುಂದೆ ನಿಂತಿತು. ಶೆಟ್ಟರು ಸೇರು ತುಂಬಿದರು. ಎದುರಿನ ಅಂಗಡಿಯ ಬೀಗ ಆಗಷ್ಟೇ ತೆರೆದಿದ್ದ ದ್ಯಾಮವ್ವ, ಒಳಗೆ ಕಸ ಕೂಡ ಹೊಡೆಯದೆ, ಎಲೆ ಅಡಿಕೆ ಜಗಿಯುತ್ತ ಬೀದಿ ದಾಟಿ ಬಂದು ಸೇರಿನ ಮೇಲೆ ಕೈ ಇಟ್ಟಳು.

“ಬಿಡಿಸಿದವನಿಗೂ ಇದ ಏನವ್ವ?” ಎಂದರು ಶೆಟ್ಟರು.

“ಅದು ಬ್ಯಾರೆ ಮಾತು. ಹೆಬ್ಬೆಟ್ಟು ತೆಗೀರಿ.”

ಶೆಟ್ಟರು ಹೆಬ್ಬೆಟ್ಟು ತೆಗೆದು, ಸುರಿದು, ಮತ್ತೆ ಅಳೆದರು. ಒಂದು ಹಿಡಿ ಕಾಳು ಮೇಲಿಂದ ಹಾಕಿದರು. ಹುಸೇನಸಾಬ್ ಗಾಡಿ ತುಂಬಿಸಿಕೊಂಡು ನಗುತ್ತ ಹೋದ.

ನೀತಿ: ನಿಜವಾಗಿ ಗೆದ್ದವನಿಗೆ ಮರು ಅಳತೆಯ ಭಯವಿಲ್ಲ. ಪ್ರಶ್ನೆ ಕೇಳಿದವರನ್ನು ಸೆರೆಯಲ್ಲಿಟ್ಟು ಗೆದ್ದ ಗೆಲುವನ್ನು ಗೆಲ್ಲಿಸಿದವರೂ ನಂಬುವುದಿಲ್ಲ. ಆದ್ದರಿಂದ ಅವರ ಪ್ರಶ್ನೆ ಸರಿಯೋ ತಪ್ಪೋ ಎಂದು ನೋಡುವುದಕ್ಕಿಂತ ಮೊದಲು ಸೆರೆಯ ಬಾಗಿಲು ತೆರೆಯಬೇಕು. ಅವರು ನಮ್ಮ ಕಡೆಯವರಲ್ಲದಿದ್ದರೂ ‘ಬಿಡಿ’ ಎಂದು ನಾವೇ ಕೇಳಬೇಕು. ನಾಳೆ ನಮ್ಮ ಅಳತೆ ಸರಿಯಿದೆ ಎಂದು ಹೇಳುವುದಕ್ಕೂ ಅವರೇ ಬೇಕು.