ಕೊನೆಗೆ ಹೇರಿದ ಚೀಲ

"ಕೇಳ್ರಪ್ಪೋ, ಮಾರಂಗಿ ಸೀಮೆಯವರೆಲ್ಲ ಕೇಳಿ! ದೊರೆ ಬೀರರಸರ ಮಗ ಚೆಲುವರಸರು ಕೋಣೆಯ ಒಳಗಿನಿಂದ ಮೂರು ಒಗಟು ಹೇಳಿದ್ದಾರೆ. ಬಿಡಿಸಿದವರ ಕೈಯಿಂದ ಮಾತ್ರ ಊಟ ಮಾಡುತ್ತಾರಂತೆ. ಬಿಡಿಸಿದವನಿಗೆ ರಾಜಕುಮಾರಿ, ಅರ್ಧ ರಾಜ್ಯ. ತಪ್ಪು ಹೇಳಿದವನಿಗೆ ಅಮಾವಾಸ್ಯೆಯ ದಿನ ನೇಣು!"

ಡಂಗುರದ ಸದ್ದು ಗಾಡಿ ಬಡಗಿ ಮೌನಾಚಾರಿಯ ಕೊಟ್ಟಿಗೆಗೂ ಬಂತು. ಆಳು ಓಬಳ ಮರ ಕೆತ್ತುತ್ತಿದ್ದ ಬಾಚಿಯನ್ನು ಕೆಳಗಿಟ್ಟ. ಅವನ ಅವ್ವ ಈರಬಡಕ್ಕ ಅರಮನೆಯ ಅಡುಗೆಯವಳು. ರಾಜಕುಮಾರ ಮೊದಲ ಸಲ ಕಿವಿ ಮುಚ್ಚಿಕೊಂಡು ಕಿರುಚಿದ ದಿನ ಅವನಿಗೆ ಹಾಲು ಕೊಟ್ಟವಳು ಅವಳೇ. ಹಾಲಿಗೆ ಏನೋ ಮದ್ದು ಹಾಕಿದಳೆಂದು ದೊರೆ ಅವಳನ್ನು ಸೆರೆಗೆ ತಳ್ಳಿದ್ದ. ಅವಳಿಗೂ ಅದೇ ಅಮಾವಾಸ್ಯೆಗೆ ನೇಣು.

"ಎಲ್ಲಿಗೋ?" ಎಂದ ಮೌನಾಚಾರಿ.

"ಅರಮನೆಗೆ. ಬೈದು ಬರೋಕೆ."

"ಒಗಟು?"

"ಅದನ್ನೂ ಬಿಡಿಸ್ತೀನಿ."

ಅಂಗಳದಲ್ಲಿ ಆಗಲೇ ಜನ ನೆರೆದಿದ್ದರು. ಹೊರಗಿನಿಂದ ತೋಳುದ್ದದ ಕಬ್ಬಿಣದ ಅಗುಳಿ ಹಾಕಿದ್ದ ಬಾಗಿಲು. ಅದರ ಮುಂದೆ ದೊರೆ. ಪಕ್ಕದ ಪರದೆಯ ಹಿಂದೆ ರಾಜಕುಮಾರನ ಜೊತೆಗೇ ಹುಟ್ಟಿದ ಅವಳಿ ತಂಗಿ ಹೊನ್ನಾಂಬೆ.

ಒಳಗಿನಿಂದ ಸವೆದ ದನಿ ಬಂತು. "ನಾಲ್ಕು ಗೋಡೆ, ಒಂದು ಬಾಗಿಲು, ಒಳಗಿರುವವನು ಒಬ್ಬನೇ. ಆದರೂ ಮೂವರು ಹಗಲೂ ರಾತ್ರಿ ಅವನನ್ನು ಬೈಯುತ್ತಾರೆ. ಬೈಯುವವರು ಯಾರು?"

ಆಸ್ಥಾನದ ಜೋಯಿಸರು ಶಲ್ಯ ಸರಿಪಡಿಸಿಕೊಂಡರು. "ಶನಿ, ರಾಹು, ಕೇತು!"

"ಅಲ್ಲ" ಎಂದಿತು ಒಳಗಿನ ದನಿ. ಭಟರು ಜೋಯಿಸರನ್ನು ಶಲ್ಯದ ಸಮೇತ ಎಳೆದೊಯ್ದರು. ಮಂತ್ರವಾದಿಯೊಬ್ಬ ಮೂರು ದೆವ್ವಗಳ ಹೆಸರು ಹೇಳಿದ. ಅವನೂ ಹೋದ. ಗಡಿಯಾಚೆಯ ಅರಸುಮಗನೊಬ್ಬ ಹೊನ್ನಾಂಬೆಯ ಆಸೆಗೆ ಬಂದಿದ್ದ. "ಯಾರೂ ಇಲ್ಲ, ಅವನು ಸುಳ್ಳು ಹೇಳುತ್ತಿದ್ದಾನೆ" ಎಂದು ನಕ್ಕ. ಅವನ ನಗುವೂ ಸೆರೆಮನೆ ಸೇರಿತು.

ಓಬಳ ಮುಂದೆ ಬಂದ. ಮೈಮೇಲೆಲ್ಲ ಮರದ ಹೊಟ್ಟು.

"ಅಲ್ಲಿ ಯಾರೂ ಇಲ್ಲ ಬುದ್ದಿ. ಆದರೆ ನಿಮಗೆ ಕೇಳಿಸೋದು ನಿಜ. ಅದು ಕಾಯಿಲೆ. ಜ್ವರ ಬಂದವನಿಗೆ ಚಳಿ ಆಗೋದು ಸುಳ್ಳಾ? ಹಾಗೇ ಇದು."

ಒಳಗೆ ಚಾಪೆ ಸರಿದ ಸದ್ದಾಯಿತು. ಆಮೇಲೆ, "ಹೌದು" ಎಂದಿತು ದನಿ. "ಒಂದೇ ಬಸಿರು, ಒಂದೇ ಅರಮನೆ, ಇಬ್ಬರು ಮಕ್ಕಳು. ಒಬ್ಬಳು ಗಟ್ಟಿಯಾಗಿ ನಿಂತಳು, ಒಬ್ಬ ಮುರಿದ. ಅವನನ್ನು ಮುರಿದವರು ಯಾರು?"

"ಆ ಅಡುಗೆಯವಳು ಈರಬಡಕ್ಕ!" ದೊರೆಗೆ ತಡೆಯಲಾಗಲಿಲ್ಲ. "ಅವಳ ಹಾಲು!"

ಓಬಳ ತಿರುಗಿದ. ದೊರೆಯ ಮುಖಕ್ಕೇ ಹೇಳಿದ. "ಅಚ್ಚು ಮುರಿದ ಗಾಡಿಗಳು ದಿನಾ ಬರ್ತವೆ ನಮ್ಮ ಕೊಟ್ಟಿಗೆಗೆ. ಪ್ರತಿ ವರ್ತಕನೂ ಕೊನೆಗೆ ಹೇರಿದ ಚೀಲವನ್ನೇ ಒದೀತಾನೆ. ನೀವೂ ಅದನ್ನೇ ಮಾಡಿದಿರಿ. ಕೆಳಗಿದ್ದ ಚೀಲ ಯಾರು ಹೇರಿದ್ದು? ನಿಮ್ಮ ತಮ್ಮನಿಗೂ ಇದೇ ಕಾಯಿಲೆ ಇತ್ತು, ಮುಚ್ಚಿಟ್ಟಿರಿ. ಅದು ಮರದೊಳಗಿನ ಎಳೆ, ಯಾರ ತಪ್ಪೂ ಅಲ್ಲ. ಉಳಿದದ್ದು? ರಾಣಿ ತೀರಿಕೊಂಡಾಗ ಗಂಡುಹುಡುಗ ಅಳಬಾರದು ಅಂತ ಗದರಿಸಿದಿರಿ. ಎಂಟು ವರ್ಷದ ಮಗುವನ್ನು ಬಾರುಕೋಲಿನ ಗುರುವಿನ ಕೈಗೆ ಕೊಟ್ಟಿರಿ. ದಂಡಿನ ಬಿಡಾರದಲ್ಲಿ ಗಂಡಸಾಗಲಿ ಅಂತ ಗಾಂಜಾ ಸೇದಿಸಿದರು, ಐದು ರಾತ್ರಿ ನಿದ್ದೆ ಕೊಡಲಿಲ್ಲ. ಇಪ್ಪತ್ತು ವರ್ಷ ಇಲ್ಲಿ ಒಲೆ ಊದಿದ ನಮ್ಮವ್ವನಿಗೆ ಇದೆಲ್ಲ ಗೊತ್ತು."

"ಮತ್ತೆ ನಾನು?" ಪರದೆಯ ಹಿಂದಿನಿಂದ ಹೊನ್ನಾಂಬೆ ಕೇಳಿದಳು.

"ನಿಮ್ಮದೂ ಅದೇ ಮರ ತಾಯಿ. ಆದರೆ ನಿಮ್ಮನ್ನು ಅಜ್ಜಿ ತೊಡೆ ಮೇಲೆ ಹಾಕಿಕೊಂಡು ಮನಸಾರೆ ಅಳೋಕೆ ಬಿಟ್ಟರು. ನಿಮ್ಮ ಗಾಡಿಗೆ ಹೇರು ಕಡಿಮೆ, ಕೀಲೆಣ್ಣೆ ಜಾಸ್ತಿ. ಇಷ್ಟೆಲ್ಲ ಹೇರಿದರೂ ಮುರಿಯದ ಅಚ್ಚೂ ಉಂಟು, ಅರ್ಧ ಹೇರಿಗೇ ಮುರಿದದ್ದೂ ಉಂಟು. ಆದ್ದರಿಂದ ಮುರಿದವರು ಇಂಥವರೇ ಅಂತ ಒಂದು ಹೆಸರು ಕೇಳಿದರೆ, ಇಲ್ಲ."

"ಹೌದು" ಎಂದಿತು ದನಿ. ಈ ಸಲ ಬಾಗಿಲಿಗೆ ಹತ್ತಿರದಿಂದ. "ಒಂದು ಊರಿದೆ. ಹೋದವರನ್ನು ಎಲ್ಲರೂ ನೋಡಿದ್ದಾರೆ, ಬಂದವರನ್ನು ಯಾರೂ ನೋಡಿಲ್ಲ. ಅಲ್ಲಿಂದ ತಿರುಗಿ ಬಂದವನ ಹೆಸರೇನು?"

"ಯಮನೂರು ಕಣ್ರೋ, ಬಂದವನು ಎಲ್ಲಿ?" ಜನರಲ್ಲಿ ಯಾರೋ ಗೊಣಗಿದರು.

ಓಬಳನಿಗೆ ಉತ್ತರ ಗೊತ್ತಿತ್ತು. ಅದನ್ನು ಊರಿಗೆ ಹೇಳಬೇಡ ಮಗನೇ, ಹೇಳಿದರೆ ನೀನು ಕಟ್ಟಿದ ಗಾಡಿ ಯಾರೂ ಹತ್ತಲ್ಲ ಎಂದು ಅವ್ವ ಆಣೆ ಹಾಕಿಸಿಕೊಂಡಿದ್ದಳು. ಈಗ ಅವಳ ಕುತ್ತಿಗೆಗೇ ಹಗ್ಗ ಕಾಯುತ್ತಿತ್ತು.

"ಓಬಳ" ಎಂದ. "ಆ ಊರು ಇದೇ ಕಾಯಿಲೆ. ಬಂದವನು ಈರಬಡಕ್ಕನ ಮಗ ಓಬಳ. ನಾನೇ."

ಹತ್ತಿರ ನಿಂತವರು ಎರಡು ಹೆಜ್ಜೆ ಹಿಂದೆ ಸರಿದರು. ಅದನ್ನು ನೋಡಿ ಅವನ ಸಿಟ್ಟು ನೆತ್ತಿಗೇರಿತು.

"ಸರೀರಿ, ಇನ್ನೂ ಸರೀರಿ! ನಿನ್ನೆ ನಾನು ಕಟ್ಟಿದ ಗಾಲಿ ಮೇಲೇ ಬಂದಿದೀರಿ ಇಲ್ಲಿಗೆ! ನಾಲ್ಕು ವರ್ಷದ ಹಿಂದೆ ನನ್ನನ್ನೂ ಬಾವಿ ಮಾತಾಡಿಸ್ತಿತ್ತು. ಅವ್ವ ಊರಿಗೆ ಮುಚ್ಚಿಟ್ಟರೂ ವೈದ್ಯರಿಗೆ ಮುಚ್ಚಿಡಲಿಲ್ಲ, ಎಂಟೇ ದಿನಕ್ಕೆ ಅವರ ಹತ್ತಿರ ಎಳಕೊಂಡು ಹೋದಳು. ಕಹಿ ಮದ್ದು, ಈಗಲೂ ಕುಡೀತೀನಿ. ಗಾಂಜಾ ಬಿಡಿಸಿದಳು. ರಾತ್ರಿ ನನ್ನ ಪಕ್ಕ ಮಲಗಿದಳು. ಮೌನಾಚಾರಿ ಕೆಲಸ ತೆಗೀಲಿಲ್ಲ. ಅರ್ಧ ದಿನ ಬಾ, ಗಾಲಿಯ ಅರೆಕಡ್ಡಿ ಮಾತ್ರ ಕೆತ್ತು ಅಂದರು. ಅದಕ್ಕೇ ಅಲ್ಲಿಂದ ತಿರುಗಿ ಬಂದೆ. ನಿಮ್ಮ ಮಗನನ್ನು ನೀವು ಹನ್ನೊಂದು ತಿಂಗಳು ಅಗುಳಿ ಹಾಕಿ ಇಟ್ಟಿರಿ ದೊರೆಗಳೇ. ಎಲ್ಲಕ್ಕಿಂತ ಭಾರದ ಚೀಲ ಅದೇ!"

"ಹೌದು" ಎಂದಿತು ಒಳಗಿನ ದನಿ. ಭಟರು ದೊರೆಯ ಮುಖ ನೋಡಿದರು. ದೊರೆ ಅಗುಳಿ ನೋಡಿದ. ಆಮೇಲೆ ತಾನೇ ಎದ್ದು ಎರಡು ಕೈಯಿಂದ ಅದನ್ನು ಎಳೆದ.

ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಚೆಲುವರಸ ಹೊಸ್ತಿಲಲ್ಲಿ ನಿಂತ. "ಆ ದನಿಗಳು ಮತ್ತೆ ಬರುತ್ತವಾ, ಓಬಳ?"

"ಬರಬಹುದು ಬುದ್ದಿ. ನಿದ್ದೆಗೆಟ್ಟರೆ ನನಗೂ ಬರ್ತವೆ. ಬಂದಾಗ ಅವ್ವನಿಗೆ ಹೇಳ್ತೀನಿ."

"ಅರ್ಧ ರಾಜ್ಯ ನಿನ್ನದು. ರಾಜಕುಮಾರಿಯೂ" ಎಂದ ದೊರೆ ಸೋತ ದನಿಯಲ್ಲಿ.

"ಅವರನ್ನು ಕೇಳಿದಿರಾ?"

"ಇಲ್ಲ, ಕೇಳಿಲ್ಲ!" ಪರದೆಯ ಹಿಂದೆ ಹೊನ್ನಾಂಬೆ ನಕ್ಕಳು.

"ಹಾಗಾದರೆ ಬೇಡ. ಅವ್ವನನ್ನು ಬಿಡಿ. ಆ ಮೂವರು ದಡ್ಡರನ್ನೂ ಬಿಡಿ, ದಡ್ಡತನಕ್ಕೆ ನೇಣು ಹಾಕೋದಾದರೆ ಹಗ್ಗ ಸಾಲಲ್ಲ. ವೈದ್ಯರನ್ನು ಇವತ್ತೇ ಕರೆಸಿ. ರಾತ್ರಿ ನೀವು ಮಗನ ಪಕ್ಕ ಚಾಪೆ ಹಾಕಿಕೊಂಡು ಮಲಗಿ. ನನಗೆ ಆ ಅಗುಳಿ ಕೊಡಿ, ಒಳ್ಳೆ ಕಬ್ಬಿಣ."

ಸೆರೆಯಿಂದ ಬಂದ ಈರಬಡಕ್ಕ ಅನ್ನ ಕಲಸಿದಳು, ಓಬಳ ತುತ್ತು ಕೊಟ್ಟ, ಚೆಲುವರಸ ಉಂಡ. ಅಗುಳಿ ಕುಲುಮೆಗೆ ಹೋಗಿ, ಗಾಲಿ ಕಳಚದಂತೆ ಹಿಡಿಯುವ ಎಂಟು ಕಡೆಗೀಲುಗಳಾಗಿ ಬಂತು. ಮುಂದಿನ ಸಂತೆಗೆ ಮೌನಾಚಾರಿಯ ಕೊಟ್ಟಿಗೆಯ ಮುಂದೆ ಗಿರಾಕಿಗಳು ಅರ್ಧಕ್ಕರ್ಧ ಕಡಿಮೆಯಾಗಿದ್ದರು. ಬಂದವರ ಗಾಡಿಗೆ ಓಬಳ ಆ ಕಡೆಗೀಲು ಹೊಡೆದ. ಬಾರದವರ ಗಾಡಿಗಳು ಹಳ್ಳದ ಇಳಿಜಾರಿನಲ್ಲಿ ಗಾಲಿ ಕಳಚಿಕೊಂಡವು. ಆಮೇಲೆ ಅವರೂ ಬಂದರು.