ಎತ್ತಿಗಾಗಿ ಅಗೆದ ಬಾಗಿಲು

ಮಳೆ ಹಿಡಿಯುವ ಮುಂಚೆ ಕಣದ ರಾಗಿಯನ್ನು ಬಿಲಕ್ಕೆ ಸಾಗಿಸಲು ಹಿರಿಯ ಇಲಿ ಆಳು ಹುಡುಕುತ್ತಿತ್ತು. ಅಳಿಲು ಬಂದು, "ಇಲಿಯಣ್ಣ, ಈಗಿರುವ ಬಾಗಿಲೇ ನನಗೆ ಸಾಕು. ನಾಲ್ಕು ದಿನದಲ್ಲಿ ಮುಗಿಸುತ್ತೇನೆ" ಎಂದಿತು.

"ಅರಮನೆಯ ಕಣಜಕ್ಕೇ ಹೊರುವ ಎತ್ತು ಇರುವಾಗ ನಿನ್ನ ಬಾಯಲ್ಲಿ ಹಿಡಿಯುವಷ್ಟು ಕಾಳು ಯಾರಿಗೆ ಬೇಕು?" ಎಂದು ಇಲಿ ನಕ್ಕಿತು.

ಇಲಿ ಹೋಗಿ ಕೇಳಿದಾಗ ಎತ್ತು ಒಪ್ಪಿತು. "ಒಂದೇ ಸಲಕ್ಕೆ ತರುತ್ತೇನೆ. ನಾನು ಒಳಗೆ ಬರುವಷ್ಟು ದೊಡ್ಡ ಬಾಗಿಲು ಅಗೆದಿಡಿ. ಅರಮನೆಯಲ್ಲೂ ಹಾಗೆಯೇ ಇದೆ."

ಇಲಿಯ ಸಂಸಾರವೆಲ್ಲ ಮೂರು ದಿನ ಅಗೆಯಿತು. ನಾಲ್ಕನೆಯ ದಿನ ಎಲ್ಲರೂ ಸ್ವಾಗತಕ್ಕೆ ಹೊರಗೆ ನಿಂತಿರಲು, ಎತ್ತು ಮೂಟೆ ಹೊತ್ತು ಬಂದು ಹೊಸ್ತಿಲ ಮೇಲೆ ಮುಂಗಾಲಿಟ್ಟಿತು. ಬಿಲ ಪೂರ್ತಿ ಕುಸಿಯಿತು.

ಎತ್ತು ವಿನಯದಿಂದ ಕೇಳಿತು: "ಎಲ್ಲಿ ಇಳಿಸಲಿ, ಯಜಮಾನರೇ?"